ಬಿಳಿಯ ಕುದುರೆಗಳ ಕಾಲಡಿಯ ಮರಳು

ವಿಯೆನ್ನಾ ನಗರಕ್ಕೆ ಹೋದ ಪ್ರವಾಸಿಗಳು ಅಲ್ಲಿಯ ಹಾಫ್‌ಬರ್ಗ್ ಅರಮನೆಗೆ ಸೇರಿದ ಸ್ಪ್ಯಾನಿಷ್ ಸವಾರಿಶಾಲೆಯನ್ನು ನೋಡದೆ ಹಿಂದಿರುಗುವುದು ಅಪರೂಪ. ನಾವು ಅಲ್ಲಿಗೆ ಹೋದದ್ದು ಬೆಳಗಿನ ಅಭ್ಯಾಸದ ಹೊತ್ತಿಗೆ. ಆರನೆಯ ಚಾರಲ್ಸ್ ಚಕ್ರವರ್ತಿಯ ಕಾಲದಲ್ಲಿ, 1729ರಿಂದ 1735ರವರೆಗೆ, ಫಿಷರ್ ಫಾನ್ ಎರ್ಲಾಖ್ ಎಂಬ ವಾಸ್ತುಶಿಲ್ಪಿ ಕಟ್ಟಿಸಿದ ಮಂದಿರವದು. ಉದ್ದ 55 ಮೀಟರು, ಅಗಲ 18, ಎತ್ತರ 17. ಮೇಲಿನ ಮೊಗಸಾಲೆಯನ್ನು 46 ಕಂಬಗಳು ಹೊತ್ತು ನಿಂತಿವೆ. ಗೋಡೆ, ಛಾವಣಿ, ಎಲ್ಲವೂ ಹಾಲಿನಂತೆ ಬಿಳುಪು; ನಡುವೆ ಗಾಜಿನ ತೂಗುದೀಪಗಳು. ಸವಾರರು ಒಳಗೆ ಬಂದೊಡನೆ ಎದುರಿಗಿರುವ ಚಕ್ರವರ್ತಿಯ ಪಟಕ್ಕೆ ಟೋಪಿ ತೆಗೆದು ವಂದಿಸುವರು. ಇಷ್ಟೊಂದು ವೈಭವದ ಮನೆಯಲ್ಲಿ ನೆಲಕ್ಕೆ ಮಾತ್ರ ಅಮೃತಶಿಲೆಯಿಲ್ಲ, ರತ್ನಗಂಬಳಿಯಿಲ್ಲ, ಬರಿಯ ಮರಳು.

ನಮ್ಮೊಡನೆ ಕುಳಿತವರೆಲ್ಲರೂ ಕುದುರೆಗಳನ್ನು ನೋಡುತ್ತಿದ್ದರು. ನಾವು ಆ ಮರಳನ್ನು ನೋಡುತ್ತಿದ್ದೆವು. ಇದಕ್ಕೆ ಕಾರಣವನ್ನು ವಾಚಕರಿಗೆ ತಿಳಿಸಬೇಕು. ನಮ್ಮ ಊರಿನ ಹೊರವಲಯದಲ್ಲಿ ಒಂದು ಚಿಕ್ಕ ಸವಾರಿಯ ಅಂಗಳವಿದೆ. ನಮ್ಮ ಮಗಳು ಅಲ್ಲಿ ಸವಾರಿ ಕಲಿಯುತ್ತಿದ್ದಳು. ಅವಳನ್ನು ಹೊತ್ತು ತಿರುಗುತ್ತಿದ್ದದ್ದು ಗೌರಿ ಎಂಬ ಹೆಣ್ಣುಕುದುರೆ. ಮಕ್ಕಳು ಬಿದ್ದರೆ ಪೆಟ್ಟಾಗಬಾರದೆಂದು ನಾವೇ, ಪೋಷಕರೆಲ್ಲರೂ ಕೂಡಿ, ಅಂಗಳಕ್ಕೆ ಹೆಚ್ಚು ಮರಳು ಹಾಕಿಸಿರೆಂದು ಒತ್ತಾಯ ಮಾಡಿದೆವು. ಮನೆ ಕಟ್ಟಲು ತರುವ ನದಿಯ ಮರಳು ಲಾರಿಗಟ್ಟಲೆ ಬಂದಿತು. ಮುಕ್ಕಾಲು ಗೇಣು ದಪ್ಪಕ್ಕೆ ಅದನ್ನು ಹರಡಿದರು. ಹಾಸಿಗೆಯಂತಾಯಿತೆಂದು ಎಲ್ಲರಿಗೂ ಸಂತೋಷ. ಎರಡು ತಿಂಗಳು ಕಳೆಯುವಷ್ಟರಲ್ಲಿ ಗೌರಿ ಮುಂಗಾಲು ಕುಂಟತೊಡಗಿತು. ಪಶುವೈದ್ಯರು ಕಾಲಿನ ಹಿಂಬದಿಯನ್ನು ಮುಟ್ಟಿ ನೋಡಿ, ಸ್ನಾಯುರಜ್ಜು ಊದಿ ಬಿಸಿಯಾಗಿದೆ, ಇನ್ನು ಆರು ತಿಂಗಳು ಸವಾರಿ ಕೂಡದು, ಆ ಮೇಲೆಯೂ ಮೊದಲಿನಂತಾದೀತೆಂದು ಹೇಳಲಾರೆ ಎಂದರು. ತಪ್ಪು ಯಾರದೆಂದು ಕೇಳಿದೆವು. ಅವರು ಉತ್ತರ ಕೊಡದೆ ಬಗ್ಗಿ ಒಂದು ಹಿಡಿ ಮರಳನ್ನು ತೆಗೆದು ನಮ್ಮ ಕೈಗೆ ಹಾಕಿದರು.

ಕುದುರೆಯ ಮುಂಗಾಲಿನಲ್ಲಿ ಮೊಣಕಾಲಿನಿಂದ ಕೆಳಕ್ಕೆ ಮಾಂಸಖಂಡವಿಲ್ಲವೆಂದೇ ಹೇಳಬಹುದು. ಎಲುಬು, ಹಗ್ಗದಂತಹ ಸ್ನಾಯುರಜ್ಜುಗಳು, ಚರ್ಮ, ಇಷ್ಟೇ. ಸುಮಾರು 500 ಕಿಲೋಗ್ರಾಂ ತೂಕದ ದೇಹವನ್ನು ಆ ಹಗ್ಗಗಳು ತಡೆದು ಮೇಲಕ್ಕೆತ್ತಬೇಕು. ನೆಲ ಗಟ್ಟಿಯಾದರೆ ಪೆಟ್ಟು ಗೊರಸಿಗೂ ಕೀಲಿಗೂ ತಾಗುತ್ತದೆ. ಮರಳು ಆಳವಾದರೆ ಗೊರಸು ಹೂತು, ಅದನ್ನು ಕಿತ್ತು ಮುಂದಿಡುವುದರಲ್ಲಿ ರಜ್ಜುಗಳು ಜಗ್ಗಿ ಹೋಗುತ್ತವೆ. ಸಮುದ್ರತೀರದ ಒಣ ಮರಳಿನಲ್ಲಿ ಅರ್ಧ ಹರದಾರಿ ನಡೆದವರ ಮೀನಖಂಡಕ್ಕೆ ಈ ಮಾತು ಕೂಡಲೇ ಅರ್ಥವಾಗುವುದು. ಇದರ ಮೇಲೆ ಮರಳಿನ ಕಣದ ಆಕಾರವೂ ಸೇರುತ್ತದೆ. ನೀರಿನಲ್ಲಿ ಉರುಳಿ ಉರುಳಿ ದುಂಡಾದ ಕಣಗಳು ಒಂದರ ಮೇಲೊಂದು ರಾಗಿಯಂತೆ ಜಾರುತ್ತವೆ. ಕೋನಗಳುಳ್ಳ ಕಣಗಳು ಒಂದನ್ನೊಂದು ಕಚ್ಚಿಕೊಂಡು ಗೊರಸಿಗೆ ಆಸರೆ ಕೊಡುತ್ತವೆ. ನಾವು ತರಿಸಿದ್ದು ದುಂಡು ಮರಳು. ಆಳವೂ ಬೇಕಾದದ್ದಕ್ಕಿಂತ ಮೂರು ಪಾಲು. ದಯೆಯಿಂದ ಮಾಡಿದ ಕೆಲಸವೇ ಆ ಮೂಕಪ್ರಾಣಿಗೆ ಮುಳುವಾಯಿತು.

ಆದ್ದರಿಂದಲೇ ವಿಯೆನ್ನಾದಲ್ಲಿ ನಮ್ಮ ದೃಷ್ಟಿ ನೆಲದ ಮೇಲೆ ನೆಟ್ಟಿತ್ತು. ಬಿಳಿಯ ಲಿಪಿಜ್ಜಾನರ್ ಕುದುರೆಗಳು ವಾದ್ಯದ ಲಯಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಿದ್ದವು. ಇವು ಹುಟ್ಟುವಾಗ ಕಪ್ಪಗಿದ್ದು ವರ್ಷಗಳು ಕಳೆದಂತೆ ಬೆಳ್ಳಗಾಗುವ ಜಾತಿ. ಗೊರಸು ಮರಳಿನೊಳಗೆ ಸ್ವಲ್ಪವೇ ಇಳಿದು ನಿಲ್ಲುತ್ತಿತ್ತು. ಎತ್ತಿದ ಮೇಲೆ ಅಂಚು ಕುಸಿಯದ ಅಚ್ಚು ಉಳಿಯುತ್ತಿತ್ತು. ದೂಳೇಳಲಿಲ್ಲ. ಒಂದು ಕುದುರೆ ಹಿಂಗಾಲುಗಳ ಮೇಲೆ ಕುಳಿತಂತೆ ಮಾಡಿ, ಮೇಲಕ್ಕೆ ಹಾರಿ, ಗಾಳಿಯಲ್ಲಿಯೇ ಹಿಂಗಾಲುಗಳನ್ನು ಝಾಡಿಸಿ ಕೆಳಗಿಳಿಯಿತು. ಜನರು ಮೈಮರೆತರು. ಅದು ಇಳಿದ ಕಡೆಯಲ್ಲಿ ಮರಳು ಎಷ್ಟು ಅದುಮಿತೆಂದು ನಾವು ಕತ್ತು ಚಾಚಿ ನೋಡಿದೆವು. ಪಕ್ಕದಲ್ಲಿದ್ದ ವೃದ್ಧೆಯೊಬ್ಬರು ನಮ್ಮನ್ನು ಕಂಡು ನಕ್ಕರು. ನಾವೇನಾದರೂ ಕಳೆದುಕೊಂಡು ಹುಡುಕುತ್ತಿರುವೆವೆಂದು ಅವರು ತಿಳಿದಿರಬೇಕು.

ಒಂದು ತಂಡ ಹೊರಟುಹೋದ ಮೇಲೆ ನೆಲವನ್ನು ಎಳೆದು ಮಟ್ಟ ಮಾಡಿದರು. ನಮಗೆ ಎಲ್ಲಕ್ಕಿಂತ ಪ್ರಯೋಜನವಾದ ನೋಟ ಇದೇ. ಕುದುರೆಗಳು ಗೋಡೆಯ ಪಕ್ಕದಲ್ಲಿಯೇ ಸುತ್ತು ಹಾಕುವುದರಿಂದ ಅಲ್ಲೊಂದು ಗುಳಿಯ ದಾರಿ ಬೀಳುತ್ತದೆ. ಎದ್ದ ಮರಳು ಗೋಡೆಯ ಬುಡಕ್ಕೂ ಮೂಲೆಗಳಿಗೂ ಹೋಗಿ ಗುಡ್ಡೆಯಾಗುತ್ತದೆ. ನಡುವೆ ಎಳೆದರೆ ಸಾಲದು, ಬುಡದ ಮರಳನ್ನು ಒಳಕ್ಕೆ ತರಬೇಕು. ಲದ್ದಿಯನ್ನು ಬಿದ್ದೊಡನೆ ತೆಗೆಯಬೇಕು; ಬಿಟ್ಟರೆ ಅದು ಪುಡಿಯಾಗಿ ಮರಳಿನೊಡನೆ ಬೆರೆತು ದೂಳಾಗುವುದು. ಕಲ್ಲಿನ ಸಣ್ಣ ದೂಳು ಕುದುರೆಯ ಶ್ವಾಸಕೋಶಕ್ಕೂ ಸವಾರನ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. 1848ರಲ್ಲಿ ಆಸ್ಟ್ರಿಯಾದ ಸಂವಿಧಾನಸಭೆ ಈ ಮಂದಿರದಲ್ಲಿಯೇ ಸೇರಿತ್ತೆಂಬುದನ್ನು ಕೇಳಿ ನಮಗೆ ನಗು ಬಂದಿತು. ದೂಳೆಬ್ಬಿಸುವ ವಿದ್ಯೆ ಕುದುರೆಗಳಿಗೆ ಮಾತ್ರ ಮೀಸಲಲ್ಲವಷ್ಟೆ! ಈ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಸವಾರರಾಗಿ ಕಲಿಯಲು ಪ್ರವೇಶ ದೊರೆತದ್ದು 2008ರಲ್ಲಿ. ನಮ್ಮ ಮಗಳು ಇದೊಂದನ್ನು ಮಾತ್ರ ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಊರಿಗೆ ಬಂದ ಮೇಲೆ ಅಂಗಳದ ಯಜಮಾನರೊಡನೆ ಕುಳಿತು ಲೆಕ್ಕ ಹಾಕಿದೆವು. ಅಂಗಳ 40 ಮೀಟರು ಉದ್ದ, 20 ಮೀಟರು ಅಗಲ. ಒಂದು ಸೆಂಟಿಮೀಟರು ದಪ್ಪವೆಂದರೆ 8 ಘನಮೀಟರು ಮರಳು. ಇದ್ದದ್ದು 18 ಸೆಂಟಿಮೀಟರು, ಬೇಕಾದದ್ದು 6. ಹಳೆಯದರಲ್ಲಿ 4 ಸೆಂಟಿಮೀಟರು ಉಳಿಸಿಕೊಂಡು 112 ಘನಮೀಟರು, ಎಂದರೆ ಸುಮಾರು 180 ಟನ್ನು, ಹೊರಕ್ಕೆ ಸಾಗಿಸಬೇಕಾಯಿತು. ಹಾಕುವುದಕ್ಕೆ ಎರಡು ದಿನ ಹಿಡಿದಿತ್ತು; ತೆಗೆಯುವುದಕ್ಕೆ ಎರಡು ವಾರ. ಮರಳನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಹೋಗಬೇಕೆಂಬುದು ನಮಗೆ ಆಗ ತಿಳಿಯಿತು. ತೆಗೆದ ಮರಳು ನೆರೆಯ ಹಳ್ಳಿಯಲ್ಲಿ ಮೂರು ಮನೆಗಳ ಗೋಡೆಯಾಯಿತು. ಕೆಳಗಿನ ಜಲ್ಲಿಯ ತಳವನ್ನು ಮತ್ತೆ ಬಡಿದು, ಮಳೆನೀರು ಹರಿದು ಹೋಗಲು ನೂರಕ್ಕೆ ಒಂದರಂತೆ ಇಳಿಜಾರು ಕೊಟ್ಟು, ಮೇಲೆ 2 ಸೆಂಟಿಮೀಟರು ತೊಳೆದ ಎಂ ಸ್ಯಾಂಡ್ ಬೆರೆಸಿದರು. ತೊಳೆಯದೆ ತಂದರೆ ಅದರ ಪುಡಿ ಮಳೆಗೆ ಗಾರೆಯಂತೆ ಕಚ್ಚಿಕೊಳ್ಳುತ್ತದೆ.

ಎಳೆಯುವ ಸಲಕರಣೆಯನ್ನು ಪರದೇಶದಿಂದ ತರಿಸುವ ಮಾತು ಬಂದಿತು. ಲಾಯದ ಮುದುಕ ಅದನ್ನು ಕೇಳಿ, ನಮ್ಮ ಹಲುಬೆಗೇನಾಗಿದೆ ಸ್ವಾಮಿ ಎಂದ. ತಳದ ಜಲ್ಲಿಗೆ ತಾಗದಂತೆ ಹಲ್ಲುಗಳನ್ನು ಕೊಯ್ಸಿ, ಹಿಂದೆ ಒಂದು ಹಲಗೆ ಕಟ್ಟಿ, ಸಣ್ಣ ಟ್ರಾಕ್ಟರಿನಿಂದ ಎಳೆಸಿದ. ಇಂದು ಉದ್ದಕ್ಕೆ ಎಳೆದರೆ ನಾಳೆ ಅಡ್ಡಕ್ಕೆ. ನೀರಿನ ಹದ ನೋಡುವುದನ್ನು ಅವನ ಹೆಂಡತಿ ವಹಿಸಿಕೊಂಡಳು. ಬೆಳಗ್ಗೆ ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಇಡುವ ಕೈಗೆ ಇದನ್ನು ಕಲಿಸಬೇಕಾಗಲಿಲ್ಲ. ಒಂದು ಹಿಡಿ ಮರಳನ್ನು ಅದುಮಿ ಬಿಡುವಳು. ಉಂಡೆ ನಿಂತು, ಬೆರಳು ತಾಗಿದರೆ ಒಡೆಯಬೇಕು. ಬೆರಳ ಸಂದಿಯಿಂದ ನೀರು ಬಂದರೆ ಹೆಚ್ಚು, ಉಂಡೆಯೇ ಆಗದಿದ್ದರೆ ಕಡಿಮೆ.

ಗೌರಿಗೆ ಎಂಟು ತಿಂಗಳು ಹಿಡಿಯಿತು. ಈಗ ಅದು ಓಡುವುದಿಲ್ಲ. ಚಿಕ್ಕ ಮಕ್ಕಳನ್ನು ಹೊತ್ತು ಬೆಳಗ್ಗೆ ಅರ್ಧ ಗಂಟೆ ನಡೆಯುತ್ತದೆ. ಮಗಳು ಅದನ್ನು ಲಾಯಕ್ಕೆ ಬಿಟ್ಟು ಬಂದು, ಅದರ ಗೊರಸಿನ ಅಚ್ಚಿನೊಳಗೆ ಬೆರಳಿಟ್ಟು ಆಳ ನೋಡಿ, ಆ ಮೇಲೆ ಗೋಡೆಯ ಬುಡದ ಮರಳನ್ನು ಸಲಿಕೆಯಿಂದ ಒಳಕ್ಕೆ ಎಳೆಯುತ್ತಾಳೆ.