'ಹೊಸತು' ಎಂಬ ಹಳೇ ಚೀಟಿ

ಮೊನ್ನೆ ಆಫೀಸಿನ ಹಳೇ ಪ್ರಾಜೆಕ್ಟೊಂದರ ಜೊತೆ ಮಧ್ಯಾಹ್ನವಿಡೀ ಒದ್ದಾಡಿದೆ. ಅದಿರುವುದು ಜ್ಯಾಂಗೋ 2.2ರಲ್ಲಿ. ನಾನು ಓದುತ್ತಿದ್ದದ್ದು ಇತ್ತೀಚಿನ ಆವೃತ್ತಿಯ ಡಾಕ್ಯುಮೆಂಟೇಶನ್. ಅದರಲ್ಲಿದ್ದಂತೆ ಮಾಡೆಲ್ಸ್‌ನ ಜೇಸನ್‌ಫೀಲ್ಡ್ ಬಳಸಿದರೆ, ಅಂಥದ್ದೊಂದು ಇಲ್ಲವೇ ಇಲ್ಲ ಅಂತ ಎರರ್! ಅದು ಮಾಡೆಲ್ಸ್‌ಗೆ ಬಂದದ್ದು 2020ರಲ್ಲಿ, 3.1ರ ಜೊತೆ. ಆಗ ಅದರ ಪಕ್ಕ '3.1ರಲ್ಲಿ ಹೊಸತು' ಅಂತ ಒಂದು ಸಾಲಿತ್ತು. ಈಗ ತೆಗೆದುಬಿಟ್ಟಿದ್ದಾರೆ.

ಸಿಟ್ಟು ಬಂತು. ಒಂದು ಸಾಲು ಇದ್ದಿದ್ರೆ ಇವರ ಗಂಟೇನು ಹೋಗ್ತಿತ್ತು?

ಆಮೇಲೆ ಯೋಚಿಸಿದೆ. 2008ರ 1.0ರಿಂದ ಇಂಥ ಸಾಲುಗಳನ್ನೆಲ್ಲ ಉಳಿಸಿಕೊಂಡಿದ್ದರೆ, ಹೊಸದಾಗಿ ಕಲಿಯುವವರು ವಿಷಯ ಓದುವುದೋ, ಇತಿಹಾಸ ಓದುವುದೋ? ಅವರೇನೂ ಬಚ್ಚಿಟ್ಟಿಲ್ಲ ಕೂಡ. 2.2ರ ಡಾಕ್ಯುಮೆಂಟೇಶನ್ ಬೇರೆಯಾಗಿಯೇ ಇದೆ. ಯಾವಾಗ ಏನು ಬಂತು ಅನ್ನೋದು ರಿಲೀಸ್ ನೋಟ್ಸ್‌ನಲ್ಲಿದೆ. ತಪ್ಪು ಪುಟ ತೆರೆದವನು ನಾನು.

ಅದಕ್ಕಿಂತ ದೊಡ್ಡ ತಪ್ಪು, 2022ರ ಏಪ್ರಿಲ್‌ಗೇ ಸೆಕ್ಯುರಿಟಿ ಪ್ಯಾಚ್ ನಿಂತುಹೋದ 2.2ನ್ನು ಇನ್ನೂ ಓಡಿಸುತ್ತಿರುವುದು. ಪ್ರಾಜೆಕ್ಟಿನ ರೀಡ್‌ಮಿ ತೆಗೆದು ನೋಡಿದೆ. 'ಮುಂದಿನ ತಿಂಗಳು ಅಪ್‌ಗ್ರೇಡ್' ಅಂತಿದೆ. ಬರೆದವನು ನಾನೇ, ಮೂರು ವರ್ಷದ ಹಿಂದೆ!

ಮೊದಲು ಅಳಿಸಬೇಕಾದ ಸಾಲು ಅದು. ಆದ್ರೆ ಅಪ್‌ಗ್ರೇಡ್ ಮಾಡದೆ ಅಳಿಸೋಕೆ ಕೈ ಬರ್ತಿಲ್ಲ :)

ನಿಮ್ಮಲ್ಲೂ ಇಂಥ ಚೀಟಿ ಇದೆಯಾ?