ಹಲಗೆಯ ಮೇಲಿನ ಹೆಸರು

ನಮ್ಮ ಕೂಡ್ಲಿಗಿಯಂಥ ಊರಿನಲ್ಲಿ ಸುದ್ದಿ ಎಂಬುದು ಪತ್ರಿಕೆಗಾಗಿ ಕಾಯುವುದಿಲ್ಲ. ಬೆಳಿಗ್ಗೆ ನಳದ ಮುಂದೆ ಕೊಡ ಇಟ್ಟು ಆಡಿದ ಮಾತು ಮಧ್ಯಾಹ್ನದ ಬಸ್ಸಿಗೆ ಕೊಟ್ಟೂರು ಮುಟ್ಟಿರುತ್ತದೆ. ಆದರೂ ಬಾಯಿಮಾತಿಗೆ ಒಂದು ಒಳ್ಳೆಯ ಗುಣವಿದೆ, ಅದು ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ಅಚ್ಚಾದ ಅಕ್ಷರ ಹಾಗಲ್ಲ.

ನಮ್ಮ ಓಣಿಯ ಒಬ್ಬ ತಾಯಿಯ ಮಗನನ್ನು ಕಳವಿನ ಅನುಮಾನದ ಮೇಲೆ ಪೊಲೀಸರು ಹಿಡಿದೊಯ್ದರು. ಆ ರಾತ್ರಿ ಆಕೆಗೆ ಮಾನ ಮರ್ಯಾದೆಯ ಚಿಂತೆ ಇರಲಿಲ್ಲ. "ಅಕ್ಕಾ, ಎಲ್ಲಿಗೆ ಕರಕಂಡು ಹೋದ್ರಂತ ಯಾರನ್ನ ಕೇಳ್ಲಿ?" ಎಂದು ಮನೆಮನೆ ತಿರುಗಿದಳು. ಎರಡು ದಿನದ ಮೇಲೆ ಒಂದು ಪತ್ರಿಕೆಯಲ್ಲಿ ಅವನ ಹೆಸರು, ತಂದೆಯ ಹೆಸರು, ಓಣಿ ಎಲ್ಲ ಬಂತು. ಆಗ ಆಕೆ ಬಾಗಿಲು ಹಾಕಿಕೊಂಡಳು. ಕೆಲವು ವರ್ಷಗಳಾದ ಮೇಲೆ ಕೋರ್ಟು ಅವನನ್ನು ನಿರ್ದೋಷಿ ಎಂದು ಬಿಟ್ಟಿತು. ಅದು ಎಲ್ಲಿಯೂ ಅಚ್ಚಾಗಲಿಲ್ಲ. ಅವನ ತಂಗಿಯನ್ನು ನೋಡಲು ಬಂದ ಬೀಗರು ಮಾತ್ರ ಹಳೆಯ ಸುದ್ದಿಯನ್ನು ಕೇಳಿಕೊಂಡೇ ಬಂದಿದ್ದರು.

ಹಾಗಾದರೆ ಬಂಧನವನ್ನು ಗುಟ್ಟಾಗಿಡಬೇಕೇ? ಬೇಡವೇ ಬೇಡ. ಗುಟ್ಟಾಗಿ ಹಿಡಿದವರನ್ನು ಗುಟ್ಟಾಗಿ ಬಡಿಯಲೂಬಹುದು. ಠಾಣೆಗಳಲ್ಲಿ ಸತ್ತವರ ಸುದ್ದಿ ಓದಿದ ಪಶ್ಚಿಮ ಬಂಗಾಳದ ಡಿ.ಕೆ. ಬಸು 1986ರಲ್ಲಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. 1996ರ ಡಿಸೆಂಬರಿನಲ್ಲಿ ತೀರ್ಪು ಬಂತು. ಹಿಡಿದವರ ಮನೆಯವರಿಗೋ ಗೆಳೆಯರಿಗೋ ತಿಳಿಸಬೇಕು. 12 ಗಂಟೆಯೊಳಗೆ ಪೊಲೀಸ್ ಕಂಟ್ರೋಲ್ ರೂಮಿಗೆ ಸುದ್ದಿ ಮುಟ್ಟಿಸಿ, ಅಲ್ಲಿಯ ಹಲಗೆಯ ಮೇಲೆ ಕಾಣುವಂತೆ ಹಾಕಬೇಕು ಎಂದಿತು. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ, ಬಂಧಿತರ ಹೆಸರು, ವಿಳಾಸ, ಆರೋಪ ಇವನ್ನು ಪ್ರತಿ ಠಾಣೆಯಲ್ಲೂ ತೋರಿಸಬೇಕೆನ್ನುತ್ತದೆ. ಡಿಜಿಟಲ್ ರೂಪದಲ್ಲಿಯೂ ತೋರಿಸಬಹುದಂತೆ.

ನನಗೆ ಅಳುಕು ಇರುವುದು ಇಲ್ಲಿಯೇ. ಆ ಹಲಗೆ ಹುಟ್ಟಿದ್ದು ಮಗನನ್ನು ಹುಡುಕಿಕೊಂಡು ಬರುವ ತಾಯಿಗಾಗಿ, ಊರಿನ ಬಾಯಿಚಪಲಕ್ಕಾಗಿ ಅಲ್ಲ. ಹಲಗೆಯ ಬರಹವನ್ನು ನಾಳೆ ಒರೆಸಬಹುದು. ಮೊಬೈಲಿನಿಂದ ಮೊಬೈಲಿಗೆ ಹೋದದ್ದನ್ನು ಒರೆಸುವವರು ಯಾರು?

ಅತ್ಯಾಚಾರಕ್ಕೆ ಒಳಗಾದ ಹೆಣ್ಣಿನ ಹೆಸರನ್ನೂ, ಅಪರಾಧದ ಆರೋಪ ಹೊತ್ತ ಮಕ್ಕಳ ಹೆಸರನ್ನೂ ಪ್ರಕಟಿಸಬಾರದೆಂದು ಕಾನೂನಿದೆ. ಬರೀ ಅನುಮಾನದ ಮೇಲೆ ಹಿಡಿದ ದೊಡ್ಡವರಿಗೆ ಅಂಥ ಮರೆ ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ್ದು, ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಗಳಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆ ಹಕ್ಕು ನಮ್ಮ ಓಣಿಯ ಹುಡುಗನಿಗೂ ಇರಬೇಕಲ್ಲವೇ?

ಹುಡುಕುವವರಿಗೆ ಹೆಸರು ಸಿಗಲಿ. ಪತ್ರಿಕೆಯವರು ತೀರ್ಪು ಬರುವತನಕ 'ಒಬ್ಬ ಯುವಕ' ಎಂದು ಬರೆದರೆ ಸುದ್ದಿಗೇನೂ ಊನವಾಗದು. ಹೆಸರು ಹಾಕಲೇಬೇಕಾದರೆ, ಬಿಡುಗಡೆಯಾದಾಗಲೂ ಅದೇ ಜಾಗದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಲಿ. ಇನ್ನು ಹೆಣ್ಣು ನೋಡಲು, ಗಂಡು ನೋಡಲು ಹೋಗುವ ನಾವು, 'ಹಿಡಿದಿದ್ದರಂತಲ್ಲ' ಎನ್ನುವ ಮುಂಚೆ 'ಕೇಸು ಏನಾಯಿತು?' ಎಂದು ಕೇಳೋಣ. ಅದಕ್ಕೆ ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ.