ತತ್ತಿಯ ಹಿಂದಿನ ಎಲುಬು

ನಮ್ಮ ಜೇವರ್ಗಿ ಕಡೆ ಮೊಟ್ಟೆಗೆ ತತ್ತಿ ಅಂತೀವಿ. ಒಂದು ತತ್ತಿಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಚಿಪ್ಪು ಕಟ್ಟೋದು ಹೆಚ್ಚಾಗಿ ರಾತ್ರಿ, ಕೋಳಿ ಏನೂ ತಿನ್ನದ ಹೊತ್ತಿನಲ್ಲಿ. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಅದು ತನ್ನ ಎಲುಬಿನಿಂದಲೇ ತೆಗೆದುಕೊಡುತ್ತದೆ.

ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ನನಗೆ ಇದು ಗೊತ್ತಾಗಿದ್ದು ಅಫಜಲಪುರದ ಮಾಮಾ ಕೋಳಿ ಸಾಕಿದ ಮೇಲೆ. 2021ರ ಡಿಸೆಂಬರ್‌ನಿಂದ ಕಲಬುರಗಿ ಜಿಲ್ಲೆಯ ಶಾಲೆಗಳಲ್ಲಿ ಬಿಸಿಯೂಟದ ಜೊತೆ ತತ್ತಿ ಕೊಡೋಕೆ ಶುರು ಮಾಡಿದರಲ್ಲ, ಆಗ ಮಾಮಾಗೂ ಹುರುಪು ಬಂತು. ಇನ್ನೂರು ಕೋಳಿ ತಂದು ಪಂಜರದಲ್ಲಿಟ್ಟರು. ಒಂದೊಂದಕ್ಕೆ ಎ4 ಹಾಳೆಯಷ್ಟೂ ಜಾಗವಿಲ್ಲ. ಖರ್ಚು ಉಳಿಸಲು ಮೇವಿಗೆ ಬರೀ ಜೋಳದ ನುಚ್ಚು, ತೊಗರಿ ಚುನ್ನಿ. ಕೆಲವು ತಿಂಗಳಲ್ಲೇ ತತ್ತಿ ಮುಟ್ಟಿದರೆ ಬಿರುಕು. ಕೆಲವು ಕೋಳಿ ಕಾಲೂರಲಾಗದೆ ಕೂತವು.

"ರೋಗ ಬಂದದ ನೋಡು," ಅಂದರು ಮಾಮಾ. ಆಳಂದದಿಂದ ಬಂದ ಪಶುವೈದ್ಯರು ನೋಡಿ, "ರೋಗ ಅಲ್ರಿ, ಎಲುಬು ಸವೆದಾವ," ಅಂದರು. ತತ್ತಿ ಇಡೋ ಕೋಳಿಗೆ ದಿನಕ್ಕೆ ಸುಮಾರು 4 ಗ್ರಾಂ ಕ್ಯಾಲ್ಸಿಯಂ ಬೇಕು. ಕಾಳಿನಲ್ಲಿ ಅದು ತೀರಾ ಕಡಿಮೆ. ಸಂಜೆ ಮೇವಿಗೆ ಕಪ್ಪೆಚಿಪ್ಪಿನ ದಪ್ಪ ಚೂರು ಬೆರೆಸಲು ಹೇಳಿದರು. ದಪ್ಪ ಚೂರು ನಿಧಾನ ಕರಗಿ ರಾತ್ರಿಯಿಡೀ ಒದಗುತ್ತದೆ. ಜೊತೆಗೆ ರಂಜಕ, ವಿಟಮಿನ್ ಡಿ ಕೂಡ ಬೇಕು.

ಮೇವಷ್ಟೇ ಸಾಲದು. ಓಡಾಡದ ಕೋಳಿಯ ಎಲುಬು ಗಟ್ಟಿಯಾಗೋದಿಲ್ಲ. ಯುರೋಪ್ ಒಕ್ಕೂಟದಲ್ಲಿ 2012ರಿಂದ ಇಂಥ ಇಕ್ಕಟ್ಟಿನ ಪಂಜರ ನಿಷೇಧವಾಗಿದೆ. ಹಾಗಂತ ಬಿಟ್ಟು ಸಾಕಿದರೆ ಎಲ್ಲ ಸರಿ ಅಂತಲೂ ಅಲ್ಲ. ಎತ್ತರದಿಂದ ಹಾರಿ ಬಿದ್ದು ಎದೆಯ ಎಲುಬು ಮುರಿದುಕೊಳ್ಳುವ ಕೋಳಿಗಳೂ ಇವೆ. ಮಾಮಾ ಈಗ ನೆಲಕ್ಕೆ ಹೊಟ್ಟು ಹಾಸಿ, ಕೂರಲು ತಗ್ಗಿನಲ್ಲೇ ಕೋಲು ಕಟ್ಟಿದ್ದಾರೆ. ಹೊಸ ಕೋಳಿಗಳು ಗಟ್ಟಿಯಾಗಿವೆ.

ಇದನ್ನೆಲ್ಲ ಅವ್ವನ ಮುಂದೆ ಹೇಳಿದೆ. ಹೋದ ವರ್ಷ ಅಂಗಳದಲ್ಲಿ ಜಾರಿ ಅವಳ ಮಣಿಕಟ್ಟು ಮುರಿದಿತ್ತು. ಎಲುಬು ಟೊಳ್ಳಾಗಿದೆ ಅಂದಿದ್ದರು ಡಾಕ್ಟರ್. ಮನೆಯ ತತ್ತಿ, ಹಾಲು ನಮಗೆ ಹಾಕಿ, ಉಳಿದರೆ ತಾನು ತಿಂದವಳು.

"ಕೋಳಿಗಿ ಚಿಪ್ಪು ಹಾಕ್ಲತ್ತೀರಿ, ನನ್ನ ಎಲುಬಿಗಿ ಯಾರ್ ಹಾಕ್ತಾರಪ್ಪ?" ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ಈಗ ದಿನಾ ರಾತ್ರಿ ಫೋನ್ ಮಾಡ್ತೀನಿ. ಗುಳಿಗಿ ತಗೊಂಡ್ಯಾ, ಹಾಲು ಕುಡದ್ಯಾ, ಬಿಸಲಾಗ ನಾಕ್ ಹೆಜ್ಜಿ ಅಡ್ಡಾಡಿದ್ಯಾ ಅಂತ ಕೇಳ್ತೀನಿ. ನಿಮ್ಮ ಮನೆಯಲ್ಲೂ ಕೊನೆಗೆ ಉಣ್ಣೋರು ಯಾರು ಅಂತ ಒಮ್ಮೆ ನೋಡಿ.